ಕೋರ್ಟಿನ ಕಾಗದ ಬಂದರೆ ಹೆದರಬೇಡಿ

ತಂಗಿಯೊಬ್ಬಳು ತವರಿಗೆ ಬಂದು 3 ವರ್ಷ ಆಗಿತ್ತು. ಗಂಡ ದಿನಾ ಕುಡಿದು ಹೊಡೀತಿದ್ದ. ತಾಳಲಾರದೆ ಮಗುವನ್ನು ಎತ್ತಿಕೊಂಡು ಬಂದಿದ್ದಳು.

ಒಂದು ದಿನ ಕೋರ್ಟಿನ ಅಮೀನರು ಕಾಗದ ತಂದರು. ಅದು ಸಮನ್ಸ್. ಜೊತೆಗೆ ಗಂಡನ ಅರ್ಜಿಯ ನಕಲು ಇತ್ತು. "ಹೆಂಡತಿ ನನ್ನನ್ನು ತೊರೆದಿದ್ದಾಳೆ. ವಿಚ್ಛೇದನ ಕೊಡಿಸಿ" ಎಂದು ಅದರಲ್ಲಿತ್ತು.

"ಮನೆ ಬಿಟ್ಟು ಬಂದದ್ದು ನಿಜ ತಾನೆ? ಇನ್ನೇನು ಹೇಳಲಿ?" ಎಂದು ತಂಗಿ ಅತ್ತಳು.

ಅಕ್ಕಂದಿರೇ, ಕಾನೂನು ಏನು ಹೇಳುತ್ತದೆ? ತಿಳಿಯೋಣ ಬನ್ನಿ.

ತೊರೆಯುವುದು ಎಂದರೇನು?

ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಬಂತು. ಗಂಡ ಹೆಂಡತಿಯಲ್ಲಿ ಒಬ್ಬರು ತೊರೆದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. ಆದರೆ ಬರೀ ಬೇರೆ ಇದ್ದರೆ ಸಾಲದು. ಅರ್ಜಿ ಹಾಕುವ ಮೊದಲು 2 ವರ್ಷ ಎಡೆಬಿಡದೆ ತೊರೆದಿರಬೇಕು. ಸರಿಯಾದ ಕಾರಣ ಇಲ್ಲದೆ ತೊರೆದಿರಬೇಕು. ಕೂಡಿ ಬಾಳುವುದೇ ಬೇಡ ಎಂಬ ಮನಸ್ಸೂ ಇರಬೇಕು. ಇದನ್ನು ಅರ್ಜಿ ಹಾಕಿದವರೇ ರುಜುವಾತು ಮಾಡಬೇಕು.

ಹೊಡೆತ ತಾಳದೆ ಬಂದರೆ ಅದು ಸರಿಯಾದ ಕಾರಣ. ಅದು ತೊರೆದಂತೆ ಅಲ್ಲ. ಆದರೆ ಈ ಮಾತನ್ನು ನಾವು ಕೋರ್ಟಿಗೆ ಹೇಳಬೇಕು.

ಹೋಗದಿದ್ದರೆ?

ಗಂಡನ ಮಾತು ಮಾತ್ರ ಕೇಳಿ ತೀರ್ಪು ಆಗಬಹುದು. ಆದ್ದರಿಂದ ಸಮನ್ಸ್ ಬೇಡ ಎನ್ನಬೇಡಿ. ಅದಕ್ಕೆ ಸಹಿ ಹಾಕಿದರೆ ವಿಚ್ಛೇದನಕ್ಕೆ ಒಪ್ಪಿದಂತೆ ಅಲ್ಲ. ಕಾಗದ ಮುಟ್ಟಿತು ಎಂದಷ್ಟೇ ಅರ್ಥ. ಅದರಲ್ಲಿರುವ ತಾರೀಖು ಓದಿ. ಆ ದಿನ ತಪ್ಪದೆ ಹೋಗಿ.

ವಕೀಲರಿಗೆ ಹಣ?

ಹೆಂಗಸರಿಗೆ ಸರ್ಕಾರವೇ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಆದಾಯ ಎಷ್ಟೇ ಇರಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. 15100ಕ್ಕೆ ಫೋನು ಮಾಡಿದರೂ ಆಯಿತು.

ಆಸ್ಪತ್ರೆ ಚೀಟಿ, ಪೊಲೀಸ್ ದೂರಿನ ನಕಲು ಇದ್ದರೆ ಜೋಪಾನ ಮಾಡಿ. ಕಂಡ ನೆರೆಯವರು ಸಾಕ್ಷಿ ಹೇಳಬಹುದು. ಕೈಯಲ್ಲಿ ಸಾಕಷ್ಟು ಸಂಪಾದನೆ ಇಲ್ಲವೇ? ಕೇಸು ನಡೆಯುವಾಗಲೇ ಜೀವನಾಂಶ ಮತ್ತು ಕೋರ್ಟಿನ ಖರ್ಚು ಕೊಡಿಸಿ ಎಂದು ಕೇಳಬಹುದು.

ಕೋರ್ಟು ಮೊದಲು ರಾಜಿಗೆ ನೋಡುತ್ತದೆ. ರಾಜಿ ಆಗಲೇಬೇಕು ಎಂಬ ಬಲವಂತ ಇಲ್ಲ. ಯಾವ ಕಾಗದವನ್ನೂ ಓದದೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕೆ ಹಾಕಲೇಬೇಡಿ.

ಆ ತಂಗಿ ವಕೀಲರ ಹತ್ತಿರ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ವಕೀಲರು ತಕರಾರು ಬರೆದರು. ಅವಳು ನಿಧಾನವಾಗಿ ಅಕ್ಷರ ಕೂಡಿಸಿ ಓದಿದಳು. ಮದುವೆ ಕಾಗದಕ್ಕೆ ಅಂದು ಹೆಬ್ಬೆಟ್ಟು ಒತ್ತಿದ್ದಳು. ಈ ಸಲ ತನ್ನ ಹೆಸರು ಬರೆದಳು.