ಗಾಳದ ರೀಲಿಗೆ ಎಣ್ಣೆಯ ಹದ

ಕರಾವಳಿಯಲ್ಲಿ ಹುಟ್ಟಿ ಮುಂಬಯಿಯನ್ನು ಸೇರಿದ ನಮ್ಮವರಲ್ಲಿ ಗಾಳ ಹಾಕುವ ಹವ್ಯಾಸವನ್ನು ಬಿಡಲಾರದವರು ಹಲವರಿದ್ದಾರೆ. ವಾರಕ್ಕೆ ರಜೆ ಒಂದೇ ದಿನ. ಆ ದಿನದ ಬೆಳಗಿನ ಜಾವ ಕಡಲಬಂಡೆಯ ಮೇಲೆ ನಿಂತಿರುವಾಗ, ಗಾಳಕ್ಕೆ ಮೀನು ಸಿಕ್ಕಿಯೂ ರೀಲಿನ ಹಿಡಿಕೆ ತಿರುಗದೆ ಹೋದರೆ ಆಗುವ ವ್ಯಥೆಯನ್ನು ಅನುಭವಿಸಿದವನೇ ಬಲ್ಲನು. ಜನವರಿಯ ಒಂದು ಮುಂಜಾನೆ ನನಗೆ ಹಾಗಾಯಿತು. ತಪ್ಪು ರೀಲಿನದಲ್ಲ. ತಲೆಗೂ ತಿಂಡಿಗೂ ಒದಗುವ ತೆಂಗಿನೆಣ್ಣೆಯು ಯಂತ್ರಕ್ಕೂ ಒದಗೀತೆಂದು ಧಾರಾಳವಾಗಿ ಸುರಿದವನು ನಾನೇ.

ತೆಂಗಿನೆಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಅದು ಬಾಟಲಿಯಲ್ಲಿಯೇ ಗಟ್ಟಿಯಾಗುವುದನ್ನು ಪುಣೆ, ದೆಹಲಿಯವರು ವರ್ಷವರ್ಷವೂ ಕಾಣುತ್ತಾರೆ. ಇತರ ಅಡುಗೆಯೆಣ್ಣೆಗಳು ಗಾಳಿಯ ಸಂಪರ್ಕದಿಂದ ಬರಬರುತ್ತ ಅಂಟಾಗುತ್ತವೆ. ಆದುದರಿಂದ ಅಡುಗೆಮನೆಯ ಎಣ್ಣೆ ರೀಲಿಗೆ ಸಲ್ಲದು. 1953ರಲ್ಲಿ ಅಮೆರಿಕೆಯಲ್ಲಿ ಸಿದ್ಧವಾದ ಡಬ್ಲ್ಯುಡಿ-40 ಎಂಬ ದ್ರವವು ತೇವವನ್ನು ಹೊರದೂಡಲು ಒಳ್ಳೆಯದೇ. ಆದರೆ ಅದು ಒಳಗಿನ ಗ್ರೀಸನ್ನು ಕರಗಿಸಬಲ್ಲದು. ರೀಲೆಣ್ಣೆಯ ಸ್ಥಾನದಲ್ಲಿ ಅದನ್ನು ನೆಚ್ಚಲಾಗದು.

ಮೊದಲು ಉಪ್ಪು ಹೋಗಲಿ

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯು ರೀಲಿಗೂ ಸಲ್ಲುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಉಳಿದು, ತೇವವನ್ನು ಸೆಳೆದು ಲೋಹವನ್ನು ತಿನ್ನುತ್ತದೆ. ಮೀನು ಎಳೆದಾಗ ನೂಲನ್ನು ಅಳತೆಯಿಂದ ಬಿಡುವ ಏರ್ಪಾಡಿಗೆ ಡ್ರ್ಯಾಗ್ ಎಂದು ಹೆಸರು. ಮನೆಗೆ ಬಂದೊಡನೆ ಅದರ ತಿರುಪನ್ನು ಬಿಗಿದು, ಸಿಹಿನೀರನ್ನು ಮೆಲ್ಲನೆ ಚಿಮುಕಿಸಿ ರೀಲನ್ನು ತೊಳೆಯತಕ್ಕದ್ದು. ನಲ್ಲಿಯ ರಭಸಕ್ಕೆ ಒಡ್ಡಿದರೆ ಅಥವಾ ಬಕೇಟಿನಲ್ಲಿ ಮುಳುಗಿಸಿದರೆ ಉಪ್ಪು ಒಳಹೊಗುತ್ತದೆ. ಅನಂತರ ಒರಸಿ, ತಿರುಪನ್ನು ಸಡಿಲಿಸಿ, ನೆರಳಿನಲ್ಲಿ ಆರಿಸಬೇಕು.

ಎಲ್ಲಿ ಎಣ್ಣೆ, ಎಲ್ಲಿ ಗ್ರೀಸು?

ಸಾಮಾನ್ಯ ಸ್ಪಿನ್ನಿಂಗ್ ರೀಲಿನಲ್ಲಿ ಹಿಡಿಕೆಯನ್ನು ಒಮ್ಮೆ ತಿರುಗಿಸಿದರೆ ನೂಲನ್ನು ಸುತ್ತುವ ಭಾಗವು ಐದಾರು ಬಾರಿ ಸುತ್ತುತ್ತದೆ. ಹೀಗೆ ವೇಗವಾಗಿ ತಿರುಗುವ ಬೇರಿಂಗು, ನೂಲು ಹಾಯುವ ಚಿಕ್ಕ ಉರುಳೆ, ಹಿಡಿಕೆಯ ಗುಂಡಿ, ತಂತಿಯ ಕಮಾನಿನ ಕೀಲು ಇವುಗಳಿಗೆ ತೆಳುವಾದ ರೀಲೆಣ್ಣೆಯು ತಲಾ ಒಂದು ಹನಿ ಸಾಕು. ಭಾರವನ್ನು ಹೊತ್ತು ಒಂದನ್ನೊಂದು ಉಜ್ಜುವ ಒಳಗಿನ ಹಲ್ಲುಚಕ್ರಗಳಿಗೆ ಗ್ರೀಸೇ ಬೇಕು. ಎಣ್ಣೆಯಾದರೆ ಅಲ್ಲಿ ನಿಲ್ಲದೆ ಹರಿದುಹೋಗುತ್ತದೆ. ನಮ್ಮ ಹಿರಿಯರು ಗಾಡಿಯ ಅಚ್ಚಿಗೆ ಮಂದವಾದ ಕೀಲೆಣ್ಣೆಯನ್ನು ಬಳಿಯುತ್ತಿದ್ದುದೂ ಇದೇ ತತ್ತ್ವದಿಂದ. ಹಳೆಯ ಗ್ರೀಸನ್ನು ಒರಸಿ ತೆಗೆದು, ಹಲ್ಲುಗಳ ಮೇಲೆ ತೆಳ್ಳಗೆ ಸವರಬೇಕು. ಅತಿಯಾದರೆ ಹಿಡಿಕೆ ಭಾರವಾಗುತ್ತದೆ. ಹೊರಗೆ ಒಸರಿದ ಜಿಡ್ಡಿಗೆ ಮರಳೂ ಧೂಳೂ ಅಂಟುತ್ತವೆ.

ಒಣಗಿಯೇ ಇರಬೇಕಾದ ಜಾಗಗಳೂ ಉಂಟು. ಹಿಡಿಕೆಯು ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ಚಿಗೆ ಗ್ರೀಸು ತಾಗಿದರೆ ಹಿಡಿತ ತಪ್ಪುತ್ತದೆ. ಡ್ರ್ಯಾಗಿನ ಬಿಲ್ಲೆಗಳಿಗೆ ಎಣ್ಣೆ ಬಿದ್ದರೆ ಬಿಗಿ ಕೆಡುತ್ತದೆ. ಅವುಗಳಲ್ಲಿ ಕೆಲವಕ್ಕೆ ಅದಕ್ಕೆಂದೇ ತಯಾರಿಸಿದ ಗ್ರೀಸು ದೊರೆಯುತ್ತದೆ.

ರೀಲನ್ನು ಬಿಚ್ಚುವಾಗ ಬಿಳಿಯ ಬಟ್ಟೆಯನ್ನು ಹಾಸಿ, ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿಡುವುದು ಕ್ಷೇಮ. ಮೊಬೈಲಿನಲ್ಲಿ ಹಂತಹಂತದ ಚಿತ್ರ ತೆಗೆದಿಟ್ಟರೆ ಮರಳಿ ಜೋಡಿಸುವಾಗ ತಡಬಡಿಸಬೇಕಾಗದು. ನಾಲ್ಕಾರು ಬಾರಿ ಗಾಳ ಹಾಕಿದ ಮೇಲೆ ಹನಿ ಎಣ್ಣೆ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹೊಸ ಗ್ರೀಸು, ಇಷ್ಟೇ ಉಪಚಾರ.

ಕಾವಲಿಗೆ ಎಣ್ಣೆ ಹೆಚ್ಚಾದರೂ ಕಡಮೆಯಾದರೂ ದೋಸೆ ಕೆಡುವುದೆಂದು ಹೋಟೆಲಿನ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಹದವನ್ನು ರೀಲಿಗೂ ತೋರಿದರೆ, ಸಂಬಳದಲ್ಲಿ ಉಳಿಸಿ ಕೊಂಡ ವಸ್ತುವು ಬಹುಕಾಲ ಬಾಳುತ್ತದೆ. ವಾರಕ್ಕೊಮ್ಮೆ ದೊರೆಯುವ ಆ ಒಂದು ಬೆಳಗೂ ವ್ಯರ್ಥವಾಗದು.