ಹಲ್ಲಿನ ಸೆಟ್ಟಿಗೆ ಹೊಟ್ಟಿನ ಬಲ

ಹಲ್ಲಿನ ಸೆಟ್ಟು ಕೈಜಾರಿ ಬಚ್ಚಲುಕಲ್ಲಿನ ಮೇಲೆ ಬಿದ್ದಾಗಷ್ಟೇ ಅಲ್ಲ, ಬಾಯೊಳಗಿದ್ದಂತೆಯೂ ಮುರಿಯುವುದುಂಟು. ಮೇಲಿನ ಸೆಟ್ಟು ಹಾಗೆ ಮುರಿದರೆ ಸಾಮಾನ್ಯವಾಗಿ ನಟ್ಟನಡುವೆ ಸೀಳುತ್ತದೆ. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷವರ್ಷಕ್ಕೆ ಸವೆಯುತ್ತದೆ. ಅಂಗುಳದ ನಡುವಿನ ಗಟ್ಟಿ ಏಣು ಅಷ್ಟಾಗಿ ಸವೆಯದು. ಸೆಟ್ಟು ಆ ಏಣಿನ ಮೇಲೆ ಕೂತು, ಅಗಿದಾಗಲೆಲ್ಲ ತುಸು ಬಾಗುತ್ತದೆ. ಬಾಗಿ ಬಾಗಿ ದಣಿದ ಕಡೆ ಬಿರುಕು ಹುಟ್ಟುತ್ತದೆ.

ಸೆಟ್ಟಿನ ಗುಲಾಬಿ ತಳ ಅಕ್ರಿಲಿಕ್, ಅಂದರೆ ಪಾಲಿಮೀಥೈಲ್ ಮೆಥಾಕ್ರಿಲೇಟ್. 1930ರ ದಶಕದ ಕೊನೆಗೆ ಬಂದ ಇದು ಹಳೆಯ ಗಟ್ಟಿ ರಬ್ಬರಿನ ತಳವನ್ನು ಮೂಲೆಗೆ ತಳ್ಳಿತು. ಪುಡಿಗೆ ದ್ರವ ಬೆರೆಸಿ, ಅಚ್ಚಿಗೆ ತುಂಬಿ, ಬಿಸಿನೀರಿನಲ್ಲಿ ಬೇಯಿಸಿದರೆ ತಳ ಸಿದ್ಧ. ಅಗ್ಗ, ಒಸಡಿನದೇ ಬಣ್ಣ, ರಿಪೇರಿಯೂ ಸುಲಭ. ಬಾಗಿಸಿ ನೋಡುವ ಪರೀಕ್ಷೆಯಲ್ಲಿ ಅದು ಕನಿಷ್ಠ 65 ಮೆಗಾಪ್ಯಾಸ್ಕಲ್ ತಡೆಯಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಹೊಸದರಲ್ಲಿ ತಡೆಯುತ್ತದೆ, ಆದರೆ ಪೆಟ್ಟಿಗೂ ದಣಿವಿಗೂ ಸೋಲುತ್ತದೆ.

ಅದಕ್ಕೆ ಬಲ ತುಂಬಲು ಸಂಶೋಧಕರು ಹೊಲ, ತೋಟಗಳಲ್ಲಿ ಉಳಿಯುವುದನ್ನು ಬೆರೆಸಿ ನೋಡುತ್ತಿದ್ದಾರೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಸೀಮೆಯವರಿಗೆ ಅವು ಹೊಸವೇನಲ್ಲ: ತೆಂಗಿನ ನಾರು, ಕರಟ, ಭತ್ತದ ಹೊಟ್ಟು. ಆದರೆ ಎಲ್ಲವೂ ಬಾಯಿಗೆ ಸಮನಾಗಿ ಒಗ್ಗವು. ನಾರು ಮಣ್ಣಿನ ಗೋಡೆಯೊಳಗಿನ ಹುಲ್ಲಿನಂತೆ ಬಿರುಕಿಗೆ ಅಡ್ಡ ನಿಲ್ಲುತ್ತದೆ, ಆದರೆ ಎಂಜಲು ಹೀರಿ ಉಬ್ಬಿ ಸಡಿಲವಾಗುತ್ತದೆ. ಕರಟದ ಪುಡಿ ಗಟ್ಟಿ; ಅದರ ಕಂದು ಗುಲಾಬಿಯನ್ನು ಕೆಡಿಸುತ್ತದೆ. ಹೊಟ್ಟಿನ ದಾರಿ ಬೇರೆ. ಸುಟ್ಟರೆ ಐದರಲ್ಲೊಂದು ಪಾಲು ಬೂದಿ. ಬೂದಿಯಲ್ಲಿ ಬಹುಪಾಲು ಸಿಲಿಕಾ. ಹದವಾಗಿ ಸುಟ್ಟರೆ ಬಿಳಿ ಪುಡಿ ಸಿಗುತ್ತದೆ. ಶಾಖ ಮಿತಿಮೀರಿದರೆ ಸಿಲಿಕಾ ಹರಳುಗಟ್ಟುತ್ತದೆ; ಅಂಥ ಪುಡಿ ಬೆರೆತ ಸೆಟ್ಟನ್ನು ಉಜ್ಜಿ ನಯಗೊಳಿಸುವ ಲ್ಯಾಬಿನವರ ಶ್ವಾಸಕೋಶಕ್ಕೆ ಆ ಧೂಳು ಕೇಡು.

ಪುಡಿ ಬೆರೆಸಿದ ಮಾತ್ರಕ್ಕೆ ಬಲ ಬಾರದು. ಅಕ್ರಿಲಿಕ್ಕಿಗೆ ಅಂಟದ ಕಣ, ತಳದೊಳಗಿನ ತೂತಿಗೆ ಸಮ. ಬಿರುಕು ಅಲ್ಲಿಂದಲೇ ಶುರು. ಆದ್ದರಿಂದ ಪುಡಿಗೆ ಮೊದಲು ಸೈಲೇನ್ ಲೇಪಿಸುತ್ತಾರೆ. ಆ ಅಣುವಿನ ಒಂದು ತುದಿ ಸಿಲಿಕಾವನ್ನು ಹಿಡಿಯುತ್ತದೆ, ಇನ್ನೊಂದು ತುದಿ ಬೇಯುವಾಗ ಅಕ್ರಿಲಿಕ್ಕಿನ ಸರಪಳಿಗೆ ಸೇರಿಕೊಳ್ಳುತ್ತದೆ. ಪ್ರಮಾಣವೂ ಮುಖ್ಯ: ಜಾಸ್ತಿ ಹಾಕಿದರೆ ಕಣಗಳು ಗಂಟುಕಟ್ಟಿ, ಇದ್ದ ಬಲವೂ ಇಳಿಯುತ್ತದೆ.

ಈ ಕೆಲಸ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದಲ್ಲಿ ಅಕ್ರಿಲಿಕ್ ಪಟ್ಟಿಗಳ ಮೇಲೆಯೇ ನಡೆದಿದೆ. ಪುಡಿ ಬೆರೆತ ತಳ ಬಾಯೊಳಗೆ ವರ್ಷಗಟ್ಟಲೆ ತಾಳುತ್ತದೆಯೇ, ಅದರ ಮೇಲೆ ಶಿಲೀಂಧ್ರ ಕೂರುತ್ತದೆಯೇ ಎಂಬುದು ಪರೀಕ್ಷೆಯಾಗಬೇಕು. ಹಾಗಲವಾಡಿಯ ಅಜ್ಜಿಗೆ ಮುರಿದ ಸೆಟ್ಟೆಂದರೆ ಗುಬ್ಬಿಗೋ ತುಮಕೂರಿಗೋ ಬಸ್ಸು ಹತ್ತುವ ಕೆಲಸ. ಸದ್ಯಕ್ಕೆ ಅವರ ಕೈಯಲ್ಲಿರುವ ಉಪಾಯ ಎರಡು: ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆಯುವುದು, ಸಡಿಲವಾದಾಗ ವೈದ್ಯರಲ್ಲಿ ಒಳಮೈ ಸರಿಮಾಡಿಸಿಕೊಳ್ಳುವುದು. ಒಸಡಿಗೆ ಸರಿಯಾಗಿ ಕೂರದ ಸೆಟ್ಟನ್ನು ಯಾವ ಪುಡಿಯೂ ಬಹುಕಾಲ ಕಾಯಲಾರದು.