ತಂಬೂರಿ, ಟ್ಯೂನರ್ ಮತ್ತು ಆವೃತ್ತಿಯ ಪಾಠ

ಒಂಬತ್ತನೇ ತರಗತಿಯ ‘ಶಬ್ದ’ ಪಾಠದಲ್ಲಿ ಆವೃತ್ತಿ ಕಲಿಸಲು ಕಾಗವಾಡದಾಚೆಯ ಮಿರಜದ ತಂಬೂರಿ ಒಳ್ಳೆಯ ಉಪಕರಣ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯೂ ಸಿಕ್ಕಿದೆ. ಜೊತೆಗೆ ಮೊಬೈಲ್‌ನ ಟ್ಯೂನರ್ ಸಾಕು. ಷಡ್ಜವನ್ನು ಪೇಟಿಯ ಕರಿ ಒಂದಕ್ಕೆ ಹಿಡಿದರೆ ಜೋಡಿ ತಂತಿಗಳು 138.6 ಹರ್ಟ್ಜ್, ಖರ್ಜ ಅದರ ಅರ್ಧ. ಬಿರಡೆ ಬಿಗಿದಂತೆ ಎಳೆತ ಹೆಚ್ಚಿ ಅಂಕಿ ಏರುವುದನ್ನು ಮಕ್ಕಳೇ ಓದಲಿ.

ಆದರೆ ಮುಳ್ಳನ್ನು ಮೊದಲೇ ತೋರಿಸಿದರೆ ತರಗತಿ ಕೇಳುವುದನ್ನು ಬಿಟ್ಟು ನೋಡತೊಡಗುತ್ತದೆ. ಜೋಡಿ ತಂತಿಗಳಲ್ಲಿ ಒಂದು 138, ಇನ್ನೊಂದು 140 ಇದ್ದರೆ ನಾದ ಸೆಕೆಂಡಿಗೆ ಎರಡು ಬಾರಿ ಏರಿಳಿಯುತ್ತದೆ. ಮೊದಲು ಅದನ್ನು ಬೆರಳಲ್ಲಿ ಎಣಿಸಲಿ, ಆಮೇಲೆ ಮೊಬೈಲ್ ತೆಗೆಯಲಿ.

ಪಂಚಮಕ್ಕೆ ಮಾತ್ರ ಟ್ಯೂನರನ್ನು ಪೂರ್ತಿ ನಂಬಬಾರದು. ಅದು ಸಮಪಾಲು ಸ್ವರಗಳ ಲೆಕ್ಕದಲ್ಲಿ 103.83 ತೋರಿಸುತ್ತದೆ, ಖರ್ಜದ ಒಂದೂವರೆ ಪಟ್ಟು ಅದಕ್ಕಿಂತ ಸುಮಾರು 0.1 ಹೆಚ್ಚು. ಮುಳ್ಳು ಕೂದಲೆಳೆಯಷ್ಟು ಮುಂದೆ ಸರಿದಾಗಲೇ ತಂಬೂರಿ ತುಂಬಿ ನುಡಿಯುತ್ತದೆ.